ಐವತ್ತೆಂಟನೆಯ ದಿನ

‘ಅಸಲಿ ಆಕ್ಸಲ್ ಬದಲಾಗಿದೆ’ ಎಂದು ತಪಾಸಣೆಯ ಕಾಗದದಲ್ಲಿ ರಾಝಿಕ್ ಬರೆದುಕೊಟ್ಟ ಒಂದು ಸಾಲಿಗೆ ಸಿರಾಜುದ್ದೀನನ ಇಪ್ಪತ್ತೆರಡು ವರ್ಷದ ಬೆವರು ಕಳ್ಳನ ಬೆವರಾಗಿಬಿಟ್ಟಿತು. ಸೌದಿಯ ಜಿದ್ದಾ ನಗರದ ಆ ಗ್ಯಾರೇಜಿನಲ್ಲಿ ೧೯೭೦ರ ಅಮೆರಿಕನ್ ಶೆವೆಲ್ ಕಾರಿನ ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸಿದವನು ಅವನೊಬ್ಬನೇ. ಬದಲಾಗಿದ್ದರೆ ಕದ್ದವನೂ ಅವನೇ, ಇನ್ನಾರು? ಊರಿಗೆ ಅಟ್ಟುವ ಕಾಗದ ತಯಾರಿಸಲು ಅವನ ವೀಸಾದ ಕಫೀಲ್, ಗ್ಯಾರೇಜಿನ ಧಣಿ ಹಮ್ಮಾದ್ ಹೇಳಿಯೂ ಆಗಿತ್ತು.

“ಊರಿಗೆ ಬೇಕಾದ್ರೆ ಹೋಗ್ತೇನೆ. ಕಳ್ಳ ಅಂತ ಹೋಗುದಿಲ್ಲ,” ಎಂದ ಸಿರಾಜುದ್ದೀನ್, ಗಾಲಿಹಲಗೆಯ ಮೇಲೆ ಮಲಗಿ ಕಾರಿನಡಿಗೆ ಸರಿದ.

“ಎಂತ ಹುಡುಕುದು ಸಿರಾಜಾಕ? ಪ್ಯಾಸೆಂಜರ್ ಸೈಡಿನ ಆಕ್ಸಲ್ ಪೈಪಲ್ಲಿ ನಂಬರ್ ಇರ್ಬೇಕಂತ ಪುಸ್ತಕದಲ್ಲುಂಟು. ನಾನೇ ಉಜ್ಜಿ ನೋಡಿದ್ದೇನೆ, ಇಲ್ಲ,” ಎಂದ ರಾಝಿಕ್. ಉಡುಪಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದು ತಿಂಗಳಾಗಿತ್ತು. ತಪಾಸಣೆಯ ಸಹಿ ಮಾತ್ರ ಅವನದೇ.

ಉಜ್ಜಿದ ಹೊಳಪು ಕಂಡಿತು. ಎಡಗಡೆ.

“ನೀನು ಉಜ್ಜಿದ್ದು ಡ್ರೈವರ್ ಸೈಡ್ ಮಾರಾಯ!”

“ಪ್ಯಾಸೆಂಜರ್ ಕೂರುದು ಎಡಕ್ಕಲ್ವಾ?”

“ಅದು ನಿನ್ನ ಅಪ್ಪನ ಮಾರುತಿಯಲ್ಲಿ! ಇದರ ಸ್ಟೇರಿಂಗ್ ಎಲ್ಲುಂಟು, ಕಣ್ಣು ಬಿಟ್ಟು ನೋಡು.”

ಸಿರಾಜುದ್ದೀನ್ ಬಲಗಡೆಯ ಪೈಪಿಗೆ ಡೀಸೆಲ್ ಬಳಿದು ತಂತಿಬ್ರಷ್‌ನಿಂದ ತಿಕ್ಕಿದ. ಮಣ್ಣು ಹೋಯಿತು, ಬಣ್ಣ ಹೋಯಿತು, ಬೆರಳ ಚರ್ಮವೂ ಸ್ವಲ್ಪ ಹೋಯಿತು. ಮೂರು ಅಕ್ಷರ, ಪಕ್ಕದಲ್ಲಿ ಐವತ್ತೆಂಟು.

“ಪುಸ್ತಕದ ಪಟ್ಟಿಯಲ್ಲಿ ಈ ಅಕ್ಷರ ನೋಡು.”

“ಉಂಟು... ಈ ಕಾರಿನ ಇಂಜಿನಿಗೆ ಹಾಕುವ ಆಕ್ಸಲಿನದ್ದೇ.”

“ಐವತ್ತೆಂಟು ಅಂದ್ರೆ ವರ್ಷದ ಐವತ್ತೆಂಟನೇ ದಿನ. ಫೆಬ್ರವರಿ ಇಪ್ಪತ್ತೇಳು. ಕಾರು ತಯಾರಾದದ್ದು ಯಾವಾಗ?”

ರಾಝಿಕ್ ಕಾರಿಗೆ ಬಡಿದ ತಯಾರಿಕೆಯ ತಗಡು ಓದಿದ. ಸ್ವರ ತಗ್ಗಿತು. “ಮಾರ್ಚ್ ಎರಡನೇ ವಾರ.”

ಆಕ್ಸಲ್ ಮೊದಲು, ಕಾರು ಆಮೇಲೆ. ಲೆಕ್ಕ ಕೂಡಿತ್ತು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಹಮ್ಮಾದ್ ಬಗ್ಗಿ ಟಾರ್ಚ್ ಬಿಟ್ಟು ನೋಡಿ ನಕ್ಕ. “ಖಲಾಸ್ ಸಿರಾಜ್, ಮುಶ್ಕಿಲ್ ಇಲ್ಲ. ಯಲ್ಲಾ, ಹೊರಗೆ ಬಾ.”

ಮುಶ್ಕಿಲ್ ಇಲ್ಲವಂತೆ! ಕಳ್ಳನೆನ್ನಲು ಕಾಗದ ಬೇಕು, ಅಲ್ಲವೆನ್ನಲು ಒಂದು ನಗು ಸಾಕು. ಸಿರಾಜುದ್ದೀನ್ ಆಕ್ಸಲನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಆ ಸಾಲು ಹೊಡೆದು ಹಾಕು. ಯಾವ ಬದಿ ನೋಡಿದ್ದಂತ ಬರಿ ರಾಝಿಕ್. ಧಣಿಯೂ ಸಹಿ ಹಾಕ್ಲಿ.”

“ಹೊಸ ಕಾಗದ ಮಾಡ್ತೇನೆ ಸಿರಾಜಾಕ.”

“ಹೊಸದಲ್ಲ. ಅದೇ ಕಾಗದ.”

“ಕಾರಿನ ಗಿರಾಕಿ ಬರುವ ಹೊತ್ತಾಯಿತು!” ಹಮ್ಮಾದ್ ಗದರಿದ.

“ಬರ್ಲಿ. ನಾನು ಇಲ್ಲೇ ಇರ್ತೇನೆ.”

ಸಂಜೆಯ ಅಸರ್ ನಮಾಜಿನ ಬಾಂಗ್ ಕೇಳಿತು. ರಾಝಿಕ್ ತಲೆ ತಗ್ಗಿಸಿ ಬರೆದ. ಕೊನೆಗೆ ಹಮ್ಮಾದನೂ ಕುಕ್ಕರಗಾಲಲ್ಲಿ ಕೂತ. ಬಿಳಿ ನಿಲುವಂಗಿಯ ಅಂಚು ಕರಿ ಎಣ್ಣೆಗೆ ತಾಗಿತು. ಸಹಿ ಬಿದ್ದ ಕಾಗದವನ್ನು ಸಿರಾಜುದ್ದೀನ್ ಮಲಗಿದಲ್ಲೇ ಎರಡು ಸಲ ಓದಿದ.

“ಈಗ ಹಲಗೆ ಎಳಿ,” ಎಂದ.