ತೋರಿಸದ ಆರು ಜಾಗ

ನಡುಬೇಸಿಗೆಯ ಜಾನ್ ಹಬ್ಬದ ಹಿಂದಿನ ದಿನ ಬೆಳಗ್ಗೆ ಹತ್ತೂಕಾಲಿಗೆ ಕಾರ್ನಸಾರ್ ದ್ವೀಪದ ಬಂದರಿನ ಟಿಕೆಟ್ ಕಚೇರಿಯ ಫೋನು ಮೊದಲ ಸಲ ಬಡಿದುಕೊಂಡಿತು. ಹತ್ತೂವರೆ ಆಗುವಷ್ಟರಲ್ಲಿ ಅದಕ್ಕೆ ಬಿಡುವೇ ಇರಲಿಲ್ಲ.

“ಟಿಕೆಟ್ ಅಂತ ಒತ್ತಿದ್ರೆ ಏನೋ ಫೈಲ್ ಇಳೀತಿದೆಯಲ್ಲಮ್ಮ ಲೇಲೊ,” ಎಂದ ದೀಪಸ್ತಂಭದ ಕಡೆಯ ಮುದುಕನೊಬ್ಬ. “ತೆಗೆದು ನೋಡಿದ್ರೆ ಸಾಲುಸಾಲಿಗೂ ಡಾಲರ್ ಗುರುತು. ನಂಗೆ ಡಾಲರ್ ಬೇಡ, ಮಗಳ ಕಾರಿಗೆ ಹಡಗಲ್ಲಿ ಜಾಗ ಬೇಕು.”

ಲೇಲೊ ನಗಲಿಲ್ಲ. ಟಿಕೆಟ್ ಪುಟವನ್ನು ನೋಡಿಕೊಳ್ಳುವವಳೂ ಅವಳೇ; ತನ್ನ ಫೋನಿನಲ್ಲೇ ಒತ್ತಿ ನೋಡಿದಳು. ಪುಟ ತೆರೆಯಲಿಲ್ಲ, ಫೈಲು ಇಳಿಯಿತು. ಅವಳೇ ಕೂತು ಬರೆದಿದ್ದ ಕೋಡಿನ ಫೈಲು; ಡಾಲರ್ ಗುರುತು ಆ ಕೋಡಿನ ಭಾಷೆಯದು. ಅದು ಸರ್ವರ್‌ನ ಒಳಗೇ ಓಡಬೇಕು, ಓಡಿದ ಮೇಲೆ ಸಿದ್ಧವಾಗುವ ಪುಟವಷ್ಟೇ ಜನರ ಕಣ್ಣಿಗೆ ಬೀಳಬೇಕು. ಬೆಳಗ್ಗೆ ಏಳಕ್ಕೆ, ಕಚೇರಿ ತೆರೆಯುವ ಮೊದಲೇ, ಅವಳು ಸರ್ವರ್‌ನಲ್ಲಿದ್ದ ತಂತ್ರಾಂಶದ ಹಳೆಯ ಆವೃತ್ತಿ ಕಿತ್ತು ಹೊಸದನ್ನು ಹಾಕಿದ್ದಳು. ಅಷ್ಟರಲ್ಲಿ ಎಲ್ಲೋ ಎಡವಟ್ಟಾಗಿ, ಸರ್ವರ್ ಈಗ ಆ ಫೈಲನ್ನು ಓಡಿಸದೆ ಇದ್ದದ್ದು ಇದ್ದಂತೆಯೇ ಕೇಳಿದವರ ಕೈಗೆಲ್ಲ ಕೊಡುತ್ತಿತ್ತು.

ಅದರಲ್ಲಿ ಏನೇನು ಬರೆದಿದೆ ಎಂಬುದು ಆಗ ಅವಳಿಗೆ ನೆನಪಾಯಿತು.

ಒಂಬತ್ತು ವರ್ಷದ ಹಿಂದಿನ ಮಾತು. ಹಡಗು ಕಂಪನಿಯ ವ್ಯವಸ್ಥಾಪಕ ಕೌಪೊ ಸಮುದ್ರದಾಚೆಯ ಮುಖ್ಯ ನೆಲದ ದಡದಿಂದ ಬಂದು, ಅವಳ ಮೇಜಿನ ಮೂಲೆಯ ಮೇಲೆ ಕೂತು, ಒಂದು ಸಣ್ಣ ಕೆಲಸ ಹೇಳಿದ್ದ. ಹಡಗಿನಲ್ಲಿ ಇಪ್ಪತ್ತನಾಲ್ಕು ಕಾರಿಗೆ ಜಾಗ. ಅದರಲ್ಲಿ ಆರನ್ನು ಪುಟದಲ್ಲಿ ತೋರಿಸಕೂಡದು. ಬೇಸಿಗೆ ಮನೆ ಕಟ್ಟಿಕೊಂಡ ರಾಜಧಾನಿಯ ದೊಡ್ಡ ಮನುಷ್ಯರು ನೇರವಾಗಿ ಕೌಪೊಗೆ ಫೋನು ಮಾಡುತ್ತಾರೆ, ಆ ಜಾಗ ಅವರಿಗೆ. ಅವರು ಬಾರದಿದ್ದರೆ ಖಾಲಿಯೇ ಹೋಗಲಿ. ಲೇಲೊ ಮಾಡಿಕೊಟ್ಟಿದ್ದಳು. ಗಂಡ ಹೈಕಿ ಅದೇ ಹಡಗಿನಲ್ಲಿ ಹಗ್ಗ ಕಟ್ಟುವ ಕೆಲಸಗಾರ. ಮನೆಯ ಎರಡು ಸಂಬಳವೂ ಒಂದೇ ಕೈಯಿಂದ ಬರುತ್ತಿತ್ತು. ಮನಸ್ಸು ಕುಟುಕಿದ್ದರಿಂದ, ಕೋಡಿನ ಮಧ್ಯೆ ಯಂತ್ರ ಓದದ ಟಿಪ್ಪಣಿಯೊಂದನ್ನು ಮಾತ್ರ ಬರೆದಿಟ್ಟಿದ್ದಳು: “ಈ ಆರು ಜಾಗ ದ್ವೀಪದವರಿಗೆ ತೋರಿಸಬಾರದು. ಕೌಪೊ ಆದೇಶ. ಕೇಳಿದರೆ, ಬುಕ್ ಮಾಡಿದವರು ಬರಲಿಲ್ಲ ಅನ್ನುವುದು.”

ಲೇಲೊ ಮೊದಲು ಸರ್ವರ್ ನಿಲ್ಲಿಸಿದಳು. ದಾಖಲೆ ನೋಡಿದರೆ ಆ ಫೈಲು ಅಷ್ಟರಲ್ಲಾಗಲೇ ನಾನೂರ ಹದಿನೇಳು ಸಲ ಹೊರಗೆ ಹೋಗಿತ್ತು. ದ್ವೀಪದ ಜನಸಂಖ್ಯೆಯೇ ಒಂಬೈನೂರು.

ಎರಡೇ ನಿಮಿಷಕ್ಕೆ ಕೌಪೊನ ಫೋನು ಬಂತು.

“ಏನಮ್ಮಾ ಇದು? ವರ್ಷಕ್ಕೊಂದು ಹಬ್ಬ, ಇವತ್ತೇ ಬಾಗಿಲು ಹಾಕ್ಕೊಂಡು ಕೂತಿದೀಯಲ್ಲ!”

“ಕೋಡ್ ಫೈಲೇ ಜನರ ಕೈಗೆ ಹೋಗ್ತಿತ್ತು. ಅದಕ್ಕೆ ನಿಲ್ಲಿಸ್ದೆ.”

“ಹೋದ್ರೆ ಹೋಗ್ಲಿ, ಅದು ಯಾರಿಗೆ ಅರ್ಥ ಆಗತ್ತೆ?”

“ಮಧ್ಯದಲ್ಲಿ ನಮ್ಮ ಭಾಷೇಲೇ ಬರೆದಿದೀನಿ. ಆರು ಜಾಗದ ವಿಷಯ.”

ಕೌಪೊ ದನಿ ತಗ್ಗಿಸಿ ಕೇಳಿದ: “ನನ್ನ ಹೆಸರಿದೆಯಾ?”

“ಇದೆ.”

“ಬರೆದದ್ದು ನೀನು, ಲೇಲೊ. ನಾನೊಂದಕ್ಷರ ಬರೆದಿಲ್ಲ. ಅದು ನೆನಪಿರಲಿ. ಆ ಸಾಲು ಅಳಿಸು, ಪುಟ ಎಬ್ಬಿಸು. ಆರು ಜಾಗ ಹಾಗೇ ಇರ್ಲಿ, ಇಲ್ಲಿಂದ ಹೊರಡೋ ಮೂರು ಗಂಟೆ ಹಡಗಿಗೆ ಆರಕ್ಕೂ ರಾಜಧಾನಿಯವರು ಹೇಳಿಟ್ಟಾಗಿದೆ.”

ಕಿಟಕಿಯಾಚೆ ಜನ ಸೇರತೊಡಗಿದ್ದರು. ಹಬ್ಬಕ್ಕೆ ಬರಬೇಕಾದ ಮಕ್ಕಳು ಮೊಮ್ಮಕ್ಕಳೆಲ್ಲ ಆ ದಡದಲ್ಲಿ, ಅವರಿಗೆ ಟಿಕೆಟ್ ಸಿಗದೆ ಇವರು ಈ ದಡದಲ್ಲಿ. ಲೇಲೊ ಪರದೆ ಎಳೆದು ಕೂತಳು. ಕಚೇರಿಗೆ ಇದ್ದದ್ದು ಒಂದೇ ಬಾಗಿಲು, ಅದು ತೆರೆಯುವುದೇ ಆ ಜನರ ಕಡೆಗೆ.

ಹೊರಗಿನವರಿಗೆ ತಲುಪದ ಹಾಗೆ, ತನ್ನ ಕಂಪ್ಯೂಟರ್‌ಗೆ ಮಾತ್ರ ದಾರಿ ಇಟ್ಟುಕೊಂಡು ಸರ್ವರ್ ಎಬ್ಬಿಸಿದಳು. ಮೊದಲ ತಪ್ಪು ಬೇಗ ಸಿಕ್ಕಿತು. ಫೈಲುಗಳನ್ನು ಓಡಿಸುವ ಭಾಗ ಹಳೆಯ ಆವೃತ್ತಿಯ ಜೊತೆಗೇ ಕಿತ್ತುಹೋಗಿತ್ತು. ಹೊಸ ಭಾಗವನ್ನು ತಂದಿಟ್ಟಿದ್ದಳು, ಚಾಲೂ ಮಾಡಿರಲಿಲ್ಲ. ಚಾಲೂ ಮಾಡಿದಳು. ಮತ್ತೆ ಫೈಲೇ ಇಳಿಯಿತು. ಸೆಟ್ಟಿಂಗನ್ನು ಸಾಲುಸಾಲಾಗಿ ಓದಿದಳು. ‘ಹಳೆಯ ಆವೃತ್ತಿ ಇದ್ದರೆ ಮಾತ್ರ ಓಡಿಸು’ ಎನ್ನುವ ಷರತ್ತೊಂದು ಮೂಲೆಯಲ್ಲಿ ಕೂತಿತ್ತು. ತಿದ್ದಿದಳು. ಆಗಲೂ ಫೈಲೇ. ಹಿಂದಿನ ಉತ್ತರವನ್ನು ಬ್ರೌಸರೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಕೊಡುತ್ತಿದೆ ಎಂದು ಹೊಳೆಯಲು ಹತ್ತು ನಿಮಿಷ ಹಿಡಿಯಿತು. ಬೇರೆ ಬ್ರೌಸರ್‌ನಲ್ಲಿ ತೆರೆದಾಗ ಪುಟ ಬಂತು, ನೀಲಿ ಹಡಗಿನ ಚಿತ್ರದ ಕೆಳಗೆ: “ಮೂರು ಗಂಟೆ. ಕಾರಿಗೆ ಜಾಗವಿಲ್ಲ.”

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. “ಲೇಲೊ, ನಾನು. ತೆಗಿ.”

ವಿರ್ವೆ. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವಳು, ಈಗ ಅದೇ ಶಾಲೆಯಲ್ಲಿ ಗಣಿತ ಕಲಿಸುವವಳು. ಲೇಲೊಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ವಿರ್ವೆ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಫೋನು.

“ಓದ್ದೆ,” ಎಂದಳು. “ಒಂದು ಸಲ ಅಲ್ಲ, ಮೂರು ಸಲ ಓದ್ದೆ. ಯಾವತ್ತಿನಿಂದ ಇದು?”

“ಒಂಬತ್ತು ವರ್ಷ.”

“ಹಾಗಾದ್ರೆ ಅಮ್ಮನ ಆ ಭಾನುವಾರಾನೂ ಇತ್ತು.”

ನಾಲ್ಕು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು. ವಿರ್ವೆಯ ತಾಯಿ ಆ ದಡದಾಚೆಯ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಳು. ಭಾನುವಾರ ಸಂಜೆ ಆ ಕಡೆ ಬಸ್ಸಿಲ್ಲ, ಕಾರಿಲ್ಲದೆ ದಾಟಿದರೆ ಬೆಳಗಿನವರೆಗೆ ಬಂದರಿನಲ್ಲೇ ಕೂರಬೇಕು. ಪುಟ ‘ಜಾಗವಿಲ್ಲ’ ಅಂದಿತ್ತು. ಹಡಗು ಹೊರಟಾಗ ಅದರಲ್ಲಿ ಖಾಲಿ ಜಾಗವನ್ನು ವಿರ್ವೆ ಕಣ್ಣಾರೆ ಕಂಡಿದ್ದಳು. ಮರುದಿನ ಅವಳು ತಲುಪುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

“ಇದೇ ಕಿಟಕಿ ಹತ್ರ ನಿಂತು ಕೇಳ್ದೆ ನಿನ್ನ. ಏನಂದೆ ನೀನು? ನನ್ನ ಮುಖ ನೋಡಿ ಹೇಳು.”

“ಬುಕ್ ಮಾಡಿದವರು ಬರ್ಲಿಲ್ಲ ಅಂದೆ.”

“ನನ್ನ ಕೈ ಬೇರೆ ಹಿಡ್ಕೊಂಡಿದ್ದೆ ಕಣೇ ಆಗ! ಕಾಫಿ ಕೊಟ್ಟೆ! ಆ ಬರದೇ ಇದ್ದವರನ್ನ ನಾನು ನಾಲ್ಕು ವರ್ಷದಿಂದ ಶಪಿಸ್ತಾ ಇದೀನಿ. ಅಂಥವರು ಹುಟ್ಟೇ ಇರ್ಲಿಲ್ಲ.”

“ಹೈಕಿ ಕೆಲಸಾನೂ ಹೋಗ್ತಿತ್ತು, ವಿರ್ವೆ. ನಾನೇನು ಮಾಡ್ಲಿ ಹೇಳು?”

“ಒಂದೇ ಒಂದು ಜಾಗ ಬಿಟ್ಟುಕೊಟ್ಟಿದ್ರೆ ಸಾಕಿತ್ತು. ಆವತ್ತು ಒಂದೇ ದಿನ. ನಿನ್ನ ಕೈಯಲ್ಲೇ ಇತ್ತಲ್ಲ.”

ನಿಜ, ಕೈಯಲ್ಲೇ ಇತ್ತು. ಆ ದಿನ ಲೇಲೊ ಅಡಗಿಸಿದ ಜಾಗ ಬಿಟ್ಟುಕೊಡುವ ಗುಂಡಿಯ ಮೇಲೆ ಬೆರಳಿಟ್ಟು, ಹೆದರಿ, ಹಿಂದೆಗೆದಿದ್ದಳು. ಅದನ್ನು ವಿರ್ವೆಗೆ ಹೇಳುವ ಧೈರ್ಯ ಈಗಲೂ ಬರಲಿಲ್ಲ.

ವಿರ್ವೆ ಕಣ್ಣೊರೆಸಿಕೊಂಡಳು. “ಹೊರಗಿರೋರಲ್ಲಿ ಅರ್ಧ ಜನ ಓದಿದಾರೆ. ಉಳಿದ ಅರ್ಧಕ್ಕೆ ನಾನು ಓದಿ ಹೇಳ್ತೀನಿ, ಇಲ್ಲ ನೀನೇ ಹೇಳು. ಹತ್ತು ನಿಮಿಷ ಕೊಡ್ತೀನಿ.” ಬಾಗಿಲು ಎಳೆದುಕೊಂಡು ಹೋದಳು.

ಲೇಲೊ ಹೈಕಿಗೆ ಫೋನು ಮಾಡಿದಳು. ಅವನು ಹಡಗಿನ ಜೊತೆ ಆ ದಡದಲ್ಲಿದ್ದ.

“ಆ ಆರು ಜಾಗ ಎಲ್ಲರಿಗೂ ಬಿಟ್ಟುಬಿಡ್ತೀನಿ,” ಎಂದಳು.

“ಹುಚ್ಚಾ ನಿಂಗೆ? ಇಲ್ಲಿ ಆರೂ ಜನ ಕಾರು ತಂದು ನಿಲ್ಲಿಸ್ಕೊಂಡಿದಾರೆ. ಕೌಪೊನೂ ಇಲ್ಲೇ ನಿಂತಿದಾನೆ. ಅವರಿಗೆ ಅಡ್ಡ ನಿಲ್ಲಬೇಕಾದೋನು ನಾನು ಕಣೇ!”

“ಗೊತ್ತು.”

“ಮನೆ ಸಾಲ, ಚಳಿಗಾಲ, ಯಾವ್ದಾದ್ರೂ ನೆನಪಿದೆಯಾ?”

“ಎಲ್ಲಾ ನೆನಪಿದೆ ಹೈಕಿ. ಅದನ್ನೇ ನೆನೆಸ್ಕೊಂಡು ಒಂಬತ್ತು ವರ್ಷ ಕೂತೆ.”

ಅವನು ಬೈದು ಫೋನಿಟ್ಟ. ಲೇಲೊ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದಳು, ಏಕೆಂದರೆ ಅದೂ ಆ ಫೈಲಿನಲ್ಲೇ ಹೊರಗೆ ಹೋಗಿತ್ತು. ಆಮೇಲೆ ಆರು ಜಾಗವನ್ನು ಅಡಗಿಸಿದ್ದ ಹದಿನಾಲ್ಕು ಸಾಲುಗಳನ್ನು ಗುರುತು ಮಾಡಿ ಅಳಿಸಿ, ಸರ್ವರನ್ನು ಎಲ್ಲರಿಗೂ ತೆರೆದಳು. ಮೂರು ಗಂಟೆಯ ಹಡಗಿನಲ್ಲಿ ಆರು ಜಾಗ ಕಾಣಿಸಿದವು. ಅವಳು ನೋಡುತ್ತಿದ್ದಂತೆ ಐದಾಯಿತು, ಮೂರಾಯಿತು, ಮುಗಿಯಿತು.

ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದಳು. ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು. ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ದೀಪಸ್ತಂಭದ ಮುದುಕ ಮಾತ್ರ, “ನನ್ನ ಮಗಳಿಗೆ ಈಗ ಸಿಕ್ಕಿತು,” ಎಂದು ಹೇಳಿ, ಸುತ್ತಲಿನ ಮುಖಗಳನ್ನು ನೋಡಿ, ತಪ್ಪು ಮಾಡಿದವನಂತೆ ಟೋಪಿ ಕೆಳಗೆಳೆದುಕೊಂಡ.

ಮೂರು ಗಂಟೆಯ ಹಡಗು ಟಿಕೆಟ್ ಇದ್ದವರ ಕಾರುಗಳನ್ನಷ್ಟೇ ತಂದಿತು. ಸಂಜೆ ಕೌಪೊ ಫೋನು ಮಾಡಿದ. “ಈಗಲೇ ಮನೆಗೆ ಕಳಿಸ್ತಿದ್ದೆ ನಿನ್ನ. ಆದ್ರೆ ಆ ಹಾಳು ಸರ್ವರ್ ನಿನ್ನ ಬಿಟ್ಟು ಯಾರಿಗೆ ಗೊತ್ತು? ಅಲ್ಲೇ ಬಿದ್ದಿರು.”

ಪತ್ರಿಕೆಯಲ್ಲಿ ಸುದ್ದಿ ಬಂದು, ತಿಂಗಳೊಳಗೆ ಕೌಪೊನನ್ನು ಬೇರೆ ದ್ವೀಪದ ಹಡಗುಗಳಿಗೆ ವರ್ಗ ಮಾಡಿದರು, ಅದೇ ಸಂಬಳದ ಮೇಲೆ. ಆರು ಜಾಗ ಮತ್ತೆ ಅಡಗಲಿಲ್ಲ. ಹೈಕಿಯ ಕೆಲಸ ಉಳಿಯಿತು, ಎರಡು ವಾರ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ, ಅಷ್ಟೇ. ಲೇಲೊ ಅದೇ ಕುರ್ಚಿಯಲ್ಲಿ ಉಳಿದಳು. ದ್ವೀಪಕ್ಕೆ ಇದ್ದದ್ದು ಒಂದು ಅಂಗಡಿ, ಒಂದು ಚರ್ಚು, ಒಂದು ಬಂದರು. ಯಾರ ಕಣ್ಣು ತಪ್ಪಿಸಿಯೂ ಬದುಕುವಂತಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ವಿರ್ವೆ ಕಿಟಕಿಗೆ ಬಂದಳು. ಟಿಕೆಟನ್ನು ಫೋನಿನಲ್ಲೇ ತೆಗೆದುಕೊಳ್ಳಬಹುದಿತ್ತು, ಆದರೂ ಬಂದಳು.

“ಭಾನುವಾರಕ್ಕೆ ಒಂದು. ಕಾರು ಸಮೇತ.”

“ಕಾರಿನ ನಂಬರ್?” ಎಂದಳು ಲೇಲೊ. ಅದು ಅವಳಿಗೆ ಬಾಯಿಪಾಠವಿತ್ತು.

ವಿರ್ವೆ ಅವಳನ್ನೇ ನೋಡುತ್ತ, ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. ಲೇಲೊ ಒಂದೊಂದನ್ನೇ ಒತ್ತಿದಳು.