ಅತ್ತೆಯ ಹಿತ್ತಲಿನ ಕಾಲುವೆ

ಪ್ರತಿ ಸಲ ಮಳೆಗಾಲಕ್ಕೆ ಮುನ್ನ ಟೈಲರಮ್ಮ ಹೊಲಿಗೆ ಯಂತ್ರಗಳ ಕಾಲ ಕೆಳಗೆ ಇಟ್ಟಿಗೆ ಇಡುತ್ತಿದ್ದಳು. ಇಳಿಜಾರಿನ ಕೊನೆಯ ಅಂಗಡಿ ಅವಳದು. ಮೇಲಿನ ಬೀದಿಗಳ ನೀರೆಲ್ಲ ಹೊಸ್ತಿಲು ದಾಟಿ ಒಳಗೇ ಬರುತ್ತಿತ್ತು. ಈ ಸಲ ಅವಳು ಇಟ್ಟಿಗೆ ಮುಟ್ಟಲಿಲ್ಲ. ಈಗ ಆ ಬೀದಿಯ ನಗರಸಭೆ ಸದಸ್ಯೆ ಅವಳೇ. ಮಳೆನೀರು ಚರಂಡಿಯ ವಿಷಯ ಇವತ್ತಿನ ಸಭೆಗೆ ಬಂದಿತ್ತು. ಪಾಸಾಗಿಯೇ ಆಗುತ್ತದೆ, ಮಳೆಗೆ ಮೊದಲೇ ಕೆಲಸ ಮುಗಿಯುತ್ತದೆ ಎಂದು ಗಿರಾಕಿಗಳಿಗೆ ಹೇಳಿಯೂ ಆಗಿತ್ತು.

ಅಡ್ಡ ನಿಂತಿದ್ದವಳು ಒಬ್ಬಳೇ, ಅವಳ ಸೋದರತ್ತೆ. ನೀರು ಹಳ್ಳ ಸೇರಬೇಕಾದರೆ ಅತ್ತೆಯ ಹಿತ್ತಲ ಬೇಲಿಯೊಳಗೇ ಹಾದು ಹೋಗಬೇಕು. ಊರು ಬೆಳೆದು ಹೊಲಗಳನ್ನೆಲ್ಲ ನುಂಗಿದ ಮೇಲೂ ಅತ್ತೆ ಉಳಿಸಿಕೊಂಡಿದ್ದ ತುಂಡು ಅದು. ಬದನೆ, ಸೊಪ್ಪು, ಮೂಲೆಯಲ್ಲೊಂದು ಹಸು. ಅವಳು ಒಪ್ಪದಿದ್ದರೆ ವಿಷಯ ಮುಂದಿನ ವರ್ಷಕ್ಕೆ ಬೀಳುತ್ತಿತ್ತು.

"ನನ್ನ ಬದನೆ ಪಾತಿಗೆ ಚರಂಡಿ ತರ್ತೀಯೇನೇ?" ಎಂದು ಅತ್ತೆ ಬೆಳಿಗ್ಗೆ ಬಾಗಿಲಲ್ಲೇ ತಡೆದು ಕೇಳಿದ್ದಳು.

"ಸಭೆಗೆ ಬಾ ಅತ್ತೆ. ಎಲ್ಲರೆದುರೇ ಬೈಯುವಂತೆ."

ಅತ್ತೆ ಬಂದೇ ಬಂದಳು. ಕೈಯ ಮಣ್ಣನ್ನೂ ತೊಳೆಯದೆ ಹಿಂದಿನ ಬೆಂಚಿನಲ್ಲಿ ಕೂತಳು. ಇಂಜಿನಿಯರ್ ನಕ್ಷೆಯ ಮೇಲೆ ಬೆರಳೆಳೆದು ವಿವರಿಸಿದ ಮೇಲೆ ಅಧ್ಯಕ್ಷರು ಕನ್ನಡಕ ಏರಿಸಿ, "ಏನಮ್ಮಾ, ನಿಮ್ಮದೇನು ತಕರಾರು?" ಎಂದರು.

"ಇದರಲ್ಲಿ ಬಚ್ಚಲು ನೀರು ಬರುತ್ತಾ ಸ್ವಾಮಿ?"

"ಇಲ್ಲಮ್ಮ, ಬರೀ ಮಳೆನೀರು. ಬಚ್ಚಲಿಗೆ ಬೇರೆ ಲೈನಿದೆ" ಎಂದ ಇಂಜಿನಿಯರ್.

"ಬರೀ ಮಳೆನೀರು ಹರಿದ್ರೆ ಅದಕ್ಕೆ ಕಾಲುವೆ ಅಂತಾರೆ. ಕಾಲುವೇನ ನಾನ್ಯಾಕೆ ಬೇಡ ಅನ್ಲಿ? ಹೊಲ ಇದ್ದಾಗ ಅದರ ನೀರಿಗೆ ಬಾಯಿ ಬಿಟ್ಕೊಂಡು ಕಾದೋಳು ನಾನು. ಆದ್ರೆ ನಮ್ಮಣ್ಣನ ಮಗಳನ್ನೇ ಕೇಳಿ, ಅವಳ ಅಂಗಡಿ ಹಿಂದಿನ ಬಚ್ಚಲು ಪೈಪನ್ನ ಎಲ್ಲಿಗೆ ಬಿಟ್ಟಿದ್ದಾಳೆ ಅಂತ."

ಎಲ್ಲರ ಕಣ್ಣೂ ಟೈಲರಮ್ಮನ ಮೇಲೆ ಬಿತ್ತು. ಅವಳು ಸುಳ್ಳು ಹೇಳಲಿಲ್ಲ. "ಬೀದಿ ಮೋರಿಗೆ" ಎಂದಳು.

"ನಾಳೆ ಆ ಮೋರಿ ಇದಕ್ಕೇ ಸೇರಿ, ಅದೇ ನೀರು ನನ್ನ ಪಾತಿಗೆ ಬರುತ್ತೆ. ಸೋಪಿನ ನೊರೇಲಿ ಬದನೆಕಾಯಿ ಬೆಳೆದು ನಿನಗೇ ಕೊಡಲಾ?"

ಸಭೆ ಗೊಳ್ಳೆಂದಿತು. ಟೈಲರಮ್ಮನೂ ನಕ್ಕಳು, ಆದರೆ ಎದ್ದು ನಿಂತಳು.

"ನಾಳೆ ಬೆಳಿಗ್ಗೇನೇ ಆ ಪೈಪು ಕೀಳಿಸ್ತೀನಿ. ಬೀದೀಲಿ ಇನ್ಯಾರದ್ದಿದ್ದರೂ ಅವರ ಬಾಗಿಲಿಗೆ ನಾನೇ ಹೋಗ್ತೀನಿ. ಇದಕ್ಕೆ ಬಚ್ಚಲು ನೀರು ಬಿಟ್ಟೋರ ಪೈಪನ್ನ ನಗರಸಭೆಯೇ ಮುಚ್ಚುತ್ತೆ ಅಂತ ಠರಾವಿನಲ್ಲೇ ಬರೀರಿ. ಹಾಗೇ ಆ ಚರಂಡಿ ಅನ್ನೋದನ್ನ ಹೊಡೆದುಹಾಕಿ, ಕಾಲುವೆ ಅಂತ ಮಾಡಿ."

"ನಮ್ಮ ಮನೆ ಪೈಪು ಎಲ್ಲಿಗಿದೆಯೋ, ಹೋಗಿ ನೋಡ್ಬೇಕು" ಎಂದು ಗೊಣಗುತ್ತಲೇ ಅಧ್ಯಕ್ಷರು ಕೈ ಎತ್ತಿದರು. ಉಳಿದ ಕೈಗಳೂ ಎದ್ದವು. ಹಿಂದಿನ ಬೆಂಚಿನಿಂದ ಅತ್ತೆಯದೂ.

"ನಿಮಗೆ ಓಟಿಲ್ಲಮ್ಮ" ಎಂದ ಗುಮಾಸ್ತ.

"ಜಾಗ ನಂದೇ ತಾನೇ?" ಎಂದಳು ಅತ್ತೆ. ಕೈ ಇಳಿಸಲಿಲ್ಲ.

ಮರುದಿನ ಪ್ಲಂಬರ್ ಪೈಪು ಕತ್ತರಿಸಿ ಬಚ್ಚಲು ಲೈನಿಗೆ ಸೇರಿಸುವವರೆಗೂ ಅತ್ತೆ ಬಿಸಿಲಲ್ಲೇ ನಿಂತು ನೋಡಿದಳು. ಬಚ್ಚಲಿಗೆ ಒಂದು ಚೆಂಬು ನೀರು ತಾನೇ ಸುರಿದು, ಮೋರಿ ಒಣಗಿಯೇ ಇದೆ ಎಂದು ಖಾತ್ರಿ ಮಾಡಿಕೊಂಡಳು.

"ಹಸೂನ ಆ ಕಡೆ ಕಟ್ಟಿದ್ದೀನಿ. ಅಳತೆಯವರನ್ನ ಕಳಿಸು" ಎಂದು ಹೊರಟವಳು ತಿರುಗಿ ನಿಂತಳು. "ಆ ಇಟ್ಟಿಗೆ ಇನ್ನು ನಿನಗ್ಯಾಕೆ? ಪಾತಿ ಅಂಚಿಗೆ ಬೇಕು."

ಮೋಡ ಕಟ್ಟಿದೆಯೇ ಎಂದು ಟೈಲರಮ್ಮ ಆಕಾಶ ನೋಡಲಿಲ್ಲ. ಒಂದನ್ನೂ ಉಳಿಸಿಕೊಳ್ಳದೆ ಎಲ್ಲ ಇಟ್ಟಿಗೆಗಳನ್ನು ಬುಟ್ಟಿಗೆ ತುಂಬಿಕೊಟ್ಟಳು.