ನನ್ನ ಹೆಸರಿನ ಬೀಗ

ತಪ್ಪು ಹುಡುಕುವುದೇ ನನ್ನ ಉದ್ಯೋಗ. ಅರಬರ ನಾಡಿನ ಬುರೈದಾದ ಒಂದು ಸೋಲಾರ್ ಕಂಪನಿ ಹನ್ನೊಂದು ವರ್ಷಗಳಿಂದ ಅದಕ್ಕಾಗಿಯೇ ನನಗೆ ಸಂಬಳ ಕೊಡುತ್ತಿದೆ. ಯಾವ ವಯರು ಸಡಿಲ, ಯಾವ ಪ್ಯಾನೆಲ್ ಕೆಟ್ಟಿದೆ, ಯಾರು ಸೋಮಾರಿ ಎಂಬುದನ್ನು ನೋಡಿದ ಕೂಡಲೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಬ್ರಹ್ಮಾವರದ ಲತೇಶನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ರೂಮಿನವರು ತಮಾಷೆ ಮಾಡುತ್ತಾರೆ. ಆ ಕೋಪವನ್ನೂ ನಾನು ಕೆಲಸದ ಒಂದು ಭಾಗವೆಂದೇ ತಿಳಿದಿದ್ದೆ. ಆ ಜಂಬ ಇಳಿದ ದಿನದ ಸಂಗತಿ ಇದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಬುರೈದಾದಿಂದ ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಮರಳಿನ ನಡುವೆ ಉಮ್ ಗದಾ ಎಂಬ ಹಳ್ಳಿಯಿದೆ. ಇಪ್ಪತ್ತೆರಡು ಮನೆ, ಒಂದು ಮಸೀದಿ, ಒಂಟೆಗಳ ದೊಡ್ಡಿ, ಅಷ್ಟೆ. ಪೆಟ್ರೋಲ್ ಹಾಕಿಸಬೇಕಾದರೆ ಅರವತ್ತು ಕಿಲೋಮೀಟರ್ ಹೋಗಬೇಕು. ಅಲ್ಲಿಗೆ ಎರಡು ಎಲೆಕ್ಟ್ರಿಕ್ ಪಿಕಪ್ ಕೊಟ್ಟು, ಅವನ್ನು ಬಿಸಿಲಿನಿಂದಲೇ ಚಾರ್ಜ್ ಮಾಡಲು ಒಂದು ಸ್ಟೇಷನ್ ಕಟ್ಟುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತು. ನಿಂತು ಕಟ್ಟಿಸಿದವನು ನಾನು. ನೂರಿಪ್ಪತ್ತು ಪ್ಯಾನೆಲ್‌ಗಳು ಎರಡು ಸಾಲಿನಲ್ಲಿ ಆಕಾಶ ನೋಡುತ್ತ ಮಲಗಿದಾಗ ನನಗೆ ಮನೆ ಕಟ್ಟಿಸಿದಷ್ಟೇ ಖುಷಿಯಾಗಿತ್ತು.

ಸ್ಟೇಷನ್ ನೋಡಿಕೊಳ್ಳಲು ಕಂಪನಿಯವರು ಅಬ್ದುಲ್ ಜಲೀಲ್ ಎಂಬವರನ್ನು ಕಳಿಸಿದರು. ವಿಟ್ಲ ಕಡೆಯವರು, ಐವತ್ತೆರಡು ವರ್ಷ. ಜುಬೈಲಿನಲ್ಲಿ ಹದಿನೆಂಟು ವರ್ಷ ಕೆಲಸಗಾರರ ಬಸ್ಸು ಓಡಿಸಿ, ಕಣ್ಣು ಮಂಜಾದ ಮೇಲೆ ಈ ಕೆಲಸಕ್ಕೆ ಬಂದಿದ್ದರು. ನಾನು ಅವರನ್ನು ಗೌರವದಿಂದ ಜಲೀಲಾಕ ಎಂದು ಕರೆಯುತ್ತಿದ್ದೆ. ಪ್ರಾಯದಲ್ಲಿ ನಾನು ಎಷ್ಟೋ ಚಿಕ್ಕವನಾದರೂ ಅವರು ನನ್ನನ್ನು ಲತೇಶಣ್ಣ ಎನ್ನುತ್ತಿದ್ದರು. ಪ್ಯಾನೆಲ್ ಒರೆಸುವುದು, ಪಿಕಪ್‌ಗೆ ಚಾರ್ಜರ್ ಚುಚ್ಚುವುದು, ಏನಾದರೂ ಕೆಟ್ಟರೆ ನನಗೆ ತಿಳಿಸುವುದು, ಇಷ್ಟು ಅವರ ಕೆಲಸ.

ಮೊದಲ ವಾರದಿಂದಲೇ ಚಾರ್ಜ್ ಕಡಿಮೆ ಬರುತ್ತಿತ್ತು. ನನ್ನ ಫೋನಿನ ಆ್ಯಪ್‌ನಲ್ಲಿ ಅದು ಕಾಣುತ್ತಿತ್ತು. ಬರಬೇಕಾದ್ದರಲ್ಲಿ ಸರಿಯಾಗಿ ಅರ್ಧ. ಧೂಳು, ಎಂದುಕೊಂಡೆ. ಧೂಳು ಕೂತರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗಬೇಕೇ ಹೊರತು ಹೀಗೆ ಅಳೆದಂತೆ ಅರ್ಧ ಆಗುವುದಿಲ್ಲ ಎಂದು ಐಟಿಐ ಹುಡುಗನಿಗೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ಜಲೀಲಾಕನಿಗೆ ಫೋನ್ ಮಾಡಿ, ಸರಿಯಾಗಿ ಒರೆಸಿ ಎಂದು ಗದರಿಸಿ ಇಟ್ಟುಬಿಟ್ಟೆ. ಹೀಗೆ ನಾಲ್ಕು ತಿಂಗಳು ಕಳೆಯಿತು.

ನಾಲ್ಕನೆಯ ತಿಂಗಳಲ್ಲಿ, ಹಳ್ಳಿಯ ಹಿರಿಯ ಅಬು ನಾಯಿಫ್ ಅವರ ತಾಯಿಯನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದ ಪಿಕಪ್ ಚಾರ್ಜ್ ಮುಗಿದು ದಾರಿಯಲ್ಲೇ ನಿಂತಿತು. ಎಂಬತ್ತು ದಾಟಿದ ಮುದುಕಿ ಎರಡು ಗಂಟೆ ಆ ಬಿಸಿಲಿನಲ್ಲಿ ಕೂತಿದ್ದರು. ಅಬು ನಾಯಿಫ್ ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಕೂಗಾಡಿದರು. ಮ್ಯಾನೇಜರ್ ನನ್ನ ಮೇಲೆ ಕೂಗಾಡಿದ. ಮರುದಿನ ಶನಿವಾರ, ರಜೆ. ಆ ರಜೆ ಹಾಳಾದ ಸಿಟ್ಟನ್ನೂ ಹೊತ್ತುಕೊಂಡು ನಾನು ಉಮ್ ಗದಾಕ್ಕೆ ಹೋದೆ.

ರಜೆಯಾದ್ದರಿಂದ ಹಳ್ಳಿಯ ಕೆಲವು ಗಂಡಸರು ಸ್ಟೇಷನ್ನಿನ ನೆರಳಿನಲ್ಲಿ ಸೇರಿದ್ದರು. ಹತ್ತು ಜನರಿದ್ದರು. ನಾನು ಗಾಡಿಯಿಂದ ಇಳಿದವನೇ ನೇರ ಪ್ಯಾನೆಲ್ ಬಳಿ ಹೋಗಿ ಬೆರಳಿನಿಂದ ಒಂದು ಗೀಟು ಎಳೆದೆ. ಬೆರಳಿಗೆ ಕಂದು ಧೂಳು ಹತ್ತಿತು. ಮರಳುಗಾಡಿನಲ್ಲಿ ಹನ್ನೊಂದು ಗಂಟೆಗೆ ಯಾವುದನ್ನು ಮುಟ್ಟಿದರೂ ಬೆರಳಿಗೆ ಧೂಳು ಹತ್ತುತ್ತದೆ.

“ಇದೆಂತ ಜಲೀಲಾಕ? ಒರೆಸೋದು ಅಂದ್ರೆ ಹೀಗಾ?”

“ದಿನಾ ಎರಡು ಸಲ ಒರೆಸ್ತೇನೆ ಲತೇಶಣ್ಣ. ಬೆಳಿಗ್ಗೆ ಸುಬಹಿ ನಮಾಜ್ ಆದ ಮೇಲೆ ಒಮ್ಮೆ, ಸಂಜೆಗೆ ಒಮ್ಮೆ. ನೀರು ಸಾಕಾಗದಿದ್ರೆ ನನ್ನ ಕುಡಿಯೋ ನೀರೇ ಹಾಕ್ತೇನೆ.”

“ಸುಳ್ಳು ಹೇಳ್ಬೇಡಿ ಮಾರಾಯ್ರೆ! ಪ್ರಾಯ ಆದವರು ಅಂತ ಸುಮ್ಮನಿದ್ದೆ. ನಿಮ್ಮಿಂದ ಆ ಅಜ್ಜಿ ಸಾಯ್ತಿದ್ರು, ಗೊತ್ತುಂಟಾ?”

ಅಷ್ಟಕ್ಕೇ ಬಿಡಲಿಲ್ಲ. ಸೇರಿದವರಿಗೆ ಅರ್ಥವಾಗಲಿ ಎಂದು ಅದನ್ನೇ ಅರಬಿಯಲ್ಲಿ ಹೇಳಿದೆ. ಧೂಳು ಹತ್ತಿದ ಬೆರಳನ್ನು ಒಬ್ಬೊಬ್ಬರಿಗೂ ತೋರಿಸಿದೆ. ಸೋಮಾರಿ ಎಂದೆ, ಮಲಗುವುದೊಂದೇ ಇವನ ಕೆಲಸ ಎಂದೆ. ಒಂದಿಬ್ಬರು ನಕ್ಕರು. ಅಬು ನಾಯಿಫ್ ತಲೆ ಅಲ್ಲಾಡಿಸಿ, ಬೇರೆಯವರನ್ನು ಕಳಿಸಿ ಎಂದರು. ನಾನು ಅಲ್ಲೇ ಎಲ್ಲರೆದುರು ಮ್ಯಾನೇಜರ್‌ಗೆ ಫೋನ್ ಮಾಡಿ, ಜಲೀಲನಿಗೆ ಎಕ್ಸಿಟ್ ಮಾಡಿಸಿ, ಊರಿಗೆ ಕಳಿಸಿ ಎಂದೆ.

ಜಲೀಲಾಕ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು. “ಊರಿಗೆ ಕಳಿಸಿದ್ರೆ ಹೋಗ್ತೇನೆ ಲತೇಶಣ್ಣ. ಆದ್ರೆ ಸೋಮಾರಿ ಅಂತ ಹೇಳಿ ಕಳಿಸ್ಬೇಡಿ. ಹದಿನೆಂಟು ವರ್ಷದಲ್ಲಿ ಯಾರೂ ಆ ಮಾತು ಹೇಳ್ಲಿಲ್ಲ.”

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಜನ ಚದುರಿದರು. ಮಧ್ಯಾಹ್ನದ ಲುಹರ್ ನಮಾಜ್ ಮುಗಿಸಿ ಬಂದ ಜಲೀಲಾಕ ನನ್ನನ್ನು ಊಟಕ್ಕೆ ಕರೆದರು. ಬುರೈದಾ ದೂರ, ಹಸಿದು ಹೋಗಬೇಡಿ ಎಂದರು. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಉಣ್ಣಬಾರದಿತ್ತು, ಉಂಡೆ. ಎರಡನೆಯ ಸಲ ಚಟ್ನಿ ಹಾಕಿಸಿಕೊಂಡದ್ದೂ ನೆನಪಿದೆ.

ಉಂಡ ಮೇಲೆ, ಹೊಸಬ ಬರುವ ಮೊದಲು ಎಲ್ಲದರ ಫೋಟೋ ತೆಗೆದಿಡೋಣ ಎಂದು ಸ್ಟೇಷನ್ನಿನ ಹಿಂಬದಿಗೆ ಹೋದೆ. ಅಲ್ಲಿ ಎರಡು ಸ್ವಿಚ್ ಪೆಟ್ಟಿಗೆಗಳಿವೆ, ಒಂದೊಂದು ಸಾಲು ಪ್ಯಾನೆಲ್‌ಗೆ ಒಂದೊಂದು. ಎರಡನೆಯ ಪೆಟ್ಟಿಗೆಯ ಸ್ವಿಚ್ ಕೆಳಗಿಳಿದಿತ್ತು. ಅದಕ್ಕೆ ಒಂದು ಕೆಂಪು ಬೀಗ ಬಿದ್ದಿತ್ತು. ಬೀಗಕ್ಕೆ ಕಟ್ಟಿದ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿ ನನ್ನ ಹೆಸರಿತ್ತು.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಕರೆಂಟಿನ ಮೇಲೆ ಕೈಯಿಡುವ ಮೊದಲು ಸ್ವಿಚ್ ಇಳಿಸಿ, ತನ್ನ ಹೆಸರಿನ ಬೀಗ ಹಾಕಬೇಕು. ಬೀಗ ಹಾಕಿದವನೇ ತೆಗೆಯಬೇಕು. ಬೇರೆ ಯಾರೂ, ಮ್ಯಾನೇಜರ್ ಕೂಡ, ಮುಟ್ಟುವಂತಿಲ್ಲ. ಮುಟ್ಟಿದರೆ ಆ ಕಡೆ ವಯರು ಹಿಡಿದವನು ಅಲ್ಲೇ ಸುಟ್ಟುಹೋಗುತ್ತಾನೆ. ಇದನ್ನು ಜಲೀಲಾಕನಿಗೆ ಮೊದಲ ದಿನವೇ ಕಲಿಸಿದ್ದೆ. ಉದ್ಘಾಟನೆಯ ದಿನ ಬೆಳಿಗ್ಗೆ ಒಂದು ವಯರು ಬಿಗಿ ಮಾಡಲು ಈ ಬೀಗ ಹಾಕಿದ್ದೆ. ಅಷ್ಟರಲ್ಲಿ ರಿಯಾದಿನ ಅಧಿಕಾರಿಗಳು ಬಂದರು, ಫೋಟೋ ಆಯಿತು, ಮಟನ್ ಕಬ್ಸಾದ ಊಟ ಆಯಿತು. ನಾನು ಕೈ ತೊಳೆದು ಬುರೈದಾಕ್ಕೆ ಹೊರಟುಹೋದೆ. ಅರವತ್ತು ಪ್ಯಾನೆಲ್‌ಗಳು ನಾಲ್ಕು ತಿಂಗಳು ಬಿಸಿಲು ಕಾಯಿಸಿಕೊಂಡು ಸುಮ್ಮನೆ ಕೂತಿದ್ದವು. ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು.

ಆಗ ಇನ್ನೊಂದು ಹೊಳೆಯಿತು. ಜಲೀಲಾಕ ನನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬರುತ್ತದೆಂದು ಅವರ ಚಾಟನ್ನೇ ಕಣ್ಣಿಗೆ ಬೀಳದ ಹಾಗೆ ಅಡಗಿಸಿ ಇಟ್ಟಿದ್ದೆ. ತೆರೆದೆ. ಹೂಗಳ ನಡುವೆ ನಾಲ್ಕು ಮೆಸೇಜುಗಳು ಕೇಳದೆ ಉಳಿದಿದ್ದವು. ಮೊದಲನೆಯದು ಉದ್ಘಾಟನೆಯಾದ ಮೂರನೆಯ ದಿನದ್ದು.

“ಲತೇಶಣ್ಣ, ಜಲೀಲ್ ಮಾತಾಡೋದು. ಹಿಂದಿನ ಪೆಟ್ಟಿಗೆಯಲ್ಲಿ ನಿಮ್ಮ ಬೀಗ ಉಂಟು. ಅದು ಹಾಗೇ ಇರ್ಬೇಕಾ? ಮುಟ್ಬಾರ್ದು ಅಂತ ನೀವು ಹೇಳಿದ್ದೀರಿ, ನಾನು ಮುಟ್ಲಿಲ್ಲ. ಪುರುಸೊತ್ತಾದಾಗ ಒಮ್ಮೆ ಹೇಳಿ, ಆಯ್ತಾ?”

ಉಳಿದ ಮೂರರಲ್ಲೂ ಅದೇ ಪ್ರಶ್ನೆ; ಚಾರ್ಜ್ ಕಡಿಮೆಯಾಗಲು ಆ ಬೀಗವೇ ಕಾರಣವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಕೊನೆಯದರಲ್ಲಿ, ನಿಮಗೆ ಕೆಲಸ ಜಾಸ್ತಿ ಇರಬಹುದು, ಸಾರಿ ಎಂದಿದ್ದರು. ಫೋನನ್ನು ಕಿವಿಗೆ ಹಿಡಿದುಕೊಂಡು ಆ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಬೀಗವನ್ನು ಜೇಬಿಗೆ ಹಾಕಿಕೊಂಡು ಧೂಳಿನ ಕತೆಯನ್ನೇ ಮುಂದುವರಿಸಬಹುದು ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬೀಗ ತೆಗೆದೆ, ಸ್ವಿಚ್ ಏರಿಸಿದೆ. ಒಳಗೆ ಮೀಟರಿನ ಅಂಕೆ ಒಮ್ಮೆಲೇ ಎರಡರಷ್ಟಾಯಿತು. ಬೀಗ ಹಿಡಿದು ಅಬು ನಾಯಿಫ್ ಅವರ ಮನೆಗೆ ಹೋಗಿ, ತಪ್ಪು ಜಲೀಲನದ್ದಲ್ಲ, ಇದು ನನ್ನ ಬೀಗ, ಮರೆತು ಹೋಗಿತ್ತು ಎಂದೆ. ಅವರು ಬೀಗವನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಗಡ್ಡ ಸವರಿಕೊಂಡು ನಕ್ಕರು.

“ಮಾಫಿ ಮುಷ್ಕಿಲ್, ತೊಂದರೆಯಿಲ್ಲ, ಇಂಜಿನಿಯರ್. ಮನುಷ್ಯ ಮರೆಯುತ್ತಾನೆ. ಜಲೀಲ್ ಇಲ್ಲೇ ಇರಲಿ. ಕಾಫಿ ಕುಡಿ.”

ಏಲಕ್ಕಿ ಕಾಫಿ ಬಂತು, ಖರ್ಜೂರ ಬಂತು. ಜಲೀಲಾಕ ಮಾಡದ ತಪ್ಪಿಗೆ ಕೆಲಸವೇ ಹೋಗುವುದಿತ್ತು, ನಾನು ಮಾಡಿದ ತಪ್ಪಿಗೆ ಕಾಫಿ ಸಿಕ್ಕಿತು. ಆ ಹೊತ್ತಿನಲ್ಲಿ ಅದು ನನಗೆ ತೋಚಲಿಲ್ಲ. ಬಚಾವಾದೆ ಎಂದಷ್ಟೇ ಅನ್ನಿಸಿತು. ಮ್ಯಾನೇಜರ್‌ಗೆ ಫೋನ್ ಮಾಡಿ ಎಕ್ಸಿಟ್ ಬೇಡವೆಂದೆ. ಹಗುರಾಗಿ ಸ್ಟೇಷನ್ನಿಗೆ ಬಂದು, ಬಕೆಟ್ ತೊಳೆಯುತ್ತಿದ್ದ ಜಲೀಲಾಕನಿಗೆ ಎಲ್ಲ ಹೇಳಿದೆ. ಬೀಗದ ಸಂಗತಿ, ಕೇಳದ ಮೆಸೇಜುಗಳ ಸಂಗತಿ, ಅಬು ನಾಯಿಫ್ ಒಪ್ಪಿದ್ದು.

“ನನ್ನದೇ ತಪ್ಪು ಜಲೀಲಾಕ. ಮನಸ್ಸಿಗೆ ಹಚ್ಕೊಳ್ಬೇಡಿ. ನಿಮ್ಮ ಕೆಲಸಕ್ಕೆ ಎಂತದೂ ಆಗುದಿಲ್ಲ.”

ಅವರು ಬಕೆಟನ್ನು ಕವುಚಿ ಇಟ್ಟರು.

“ಸಂತೋಷ ಲತೇಶಣ್ಣ,” ಎಂದರು. “ಆದ್ರೆ ಬೈಯುವಾಗ ಹತ್ತು ಜನ ಇದ್ರಲ್ಲ.”

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಂಜೆಯ ಅಸರ್ ನಮಾಜಿನ ಬಾಂಗ್ ಆಯಿತು. ಅವರು ಕೈಕಾಲು ತೊಳೆದು ಮಸೀದಿಯ ಕಡೆ ಹೊರಟರು. ಗಾಡಿಯ ಕೀಲಿ ನನ್ನ ಕೈಯಲ್ಲಿತ್ತು. ಹೊರಟರೆ ಎರಡು ಗಂಟೆಯಲ್ಲಿ ಬುರೈದಾ. ನಾನು ಅವರ ಹಿಂದೆಯೇ ನಡೆದೆ.

ಮಸೀದಿಯ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ನಿಂತು ಕಾದೆ. ಹನ್ನೊಂದು ವರ್ಷಗಳಲ್ಲಿ ನಾನು ಕಲಿತ ಅರಬಿಯೆಲ್ಲ ಬೇಗ ಮಾಡು, ಮುಗಿಸು, ತಪ್ಪು ನಿನ್ನದು ಎನ್ನುವುದಕ್ಕೇ ಆಗುವಂಥದ್ದು. ಈಗ ಹೇಳಬೇಕಾದ್ದಕ್ಕೆ ಶಬ್ದ ಸಿಗಲಿಲ್ಲ. ಜಲೀಲಾಕ ಎಲ್ಲರಿಗಿಂತ ಮೊದಲು ಹೊರಬಂದರು. ಹಿಂದಿನಿಂದ ಒಬ್ಬೊಬ್ಬರಾಗಿ ಆ ಗಂಡಸರು ಬರುತ್ತಿದ್ದರು.

“ಜಲೀಲಾಕ, ತಪ್ಪು ನನ್ನದು ಅಂತ ಅರಬಿಯಲ್ಲಿ ಹೇಗೆ ಹೇಳೋದು?”

ಅವರು ನನ್ನನ್ನು ನೋಡಿದರು. ಬಗ್ಗಿ ಚಪ್ಪಲಿ ಹಾಕಿಕೊಂಡು ನನ್ನ ಪಕ್ಕದಲ್ಲಿ ನಿಂತರು.

“ಅನಾ ಗಲ್ತಾನ್,” ಎಂದರು. “ಸ್ವಲ್ಪ ಜೋರಾಗಿ ಹೇಳಿ, ಹಿಂದೆ ಇದ್ದವರಿಗೂ ಕೇಳ್ಬೇಕು.”